ಎರಡು ಅಗ್ಗದ ಲೇಸರ್, ಒಂದೇ ಪಟ್ಟಿ

ಕಳೆದ ಏಪ್ರಿಲ್‌ನ ಒಂದು ಮಧ್ಯಾಹ್ನ ದಾವಣಗೆರೆಯ ನಮ್ಮ ಲ್ಯಾಬಿನಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಇದ್ದುದರಿಂದ ಉಪಕರಣಗಳು ನಡೆಯುತ್ತಿದ್ದವು, ಫ್ಯಾನ್ ಮಾತ್ರ ನಿಂತಿತು. ಐದು ನಿಮಿಷ ಆಗಿರಲಿಲ್ಲ, ಸ್ಕ್ರೀನಿನ ನಡುವೆ ಸಿಗ್ನಲ್‌ನ ಫ್ರೀಕ್ವೆನ್ಸಿ ತೋರಿಸುತ್ತಿದ್ದ ಗೆರೆ ಸರಿಯುತ್ತಾ ಸರಿಯುತ್ತಾ ಅಂಚು ದಾಟಿತು. "ಸಾರ್, ಸಿಗ್ನಲ್ ಓಡಿಹೋಯ್ತು" ಎಂದಳು ನಮ್ಮ ವಿದ್ಯಾರ್ಥಿನಿ. ಏನೂ ಕೆಟ್ಟಿರಲಿಲ್ಲ. ಕಿಟಕಿ ಪಕ್ಕದ ಲೇಸರ್ ಬಿಸಿಯಾಗಿತ್ತು, ಅಷ್ಟೇ.

ನಾವು ಮಾಡುತ್ತಿದ್ದುದು ಫೈಬರ್ ಮೂಲಕ 26 ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ 2,600 ಕೋಟಿ ಸಲ ಕಂಪಿಸುವ, ರೇಡಿಯೋ ಸಿಗ್ನಲ್ ಕೊಡುವ ಕೆಲಸ. 2022ರ 5ಜಿ ಹರಾಜಿನಲ್ಲಿ ಈ ಬ್ಯಾಂಡೂ ಇತ್ತು. ಇದರಲ್ಲಿ ಡೇಟಾ ಜಾಸ್ತಿ ಹಿಡಿಸುತ್ತದೆ. ಆದರೆ ಈ ಅಲೆ ಗೋಡೆ ದಾಟುವುದು ಕಷ್ಟ, ಒಂದು ಬೇವಿನ ಮರ ಅಡ್ಡ ಬಂದರೂ ಸೊರಗುತ್ತದೆ. ಹಾಗಾಗಿ ಕೆಲವು ನೂರು ಮೀಟರಿಗೊಂದು ಆಂಟೆನಾ ಬೇಕು. ಪ್ರತಿ ಕಂಬಕ್ಕೂ ದುಬಾರಿ ಯಂತ್ರ ಕೂರಿಸಲು ಆಗುತ್ತದಾ? ತಾಮ್ರದ ಕೇಬಲ್ ಎಳೆದರೆ ಕೆಲವೇ ಮೀಟರಿನಲ್ಲಿ ಅರ್ಧ ಶಕ್ತಿ ಹೋಗುತ್ತದೆ. ಫೈಬರಿನಲ್ಲಿ ಒಂದು ಕಿಲೋಮೀಟರ್ ಹೋದರೂ ಬೆಳಕು ಕಳೆದುಕೊಳ್ಳುವುದು ನೂರಕ್ಕೆ 5ರಷ್ಟು.

ಬೆಳಕಿನಿಂದ ರೇಡಿಯೋ ಅಲೆ ಹುಟ್ಟುವುದು ಹೇಗೆ? ಹಿಟ್ಟಿನ ಗಿರಣಿಯಲ್ಲಿ ಅಕ್ಕಪಕ್ಕ ಎರಡು ಮೋಟಾರ್ ಓಡುವಾಗ ಕಿವಿಗೊಡಿ. ವೇಗದಲ್ಲಿ ಚೂರು ವ್ಯತ್ಯಾಸ ಇದ್ದರೂ ಗುಂಯ್ ಎನ್ನುವ ಸದ್ದು ಏರುತ್ತದೆ, ಇಳಿಯುತ್ತದೆ. ಆ ಏರಿಳಿತ ಯಾವ ಮೋಟಾರಿನದ್ದೂ ಅಲ್ಲ, ಎರಡರ ವ್ಯತ್ಯಾಸದ್ದು. ಬೆಳಕೂ ಹಾಗೆಯೇ. 1550 ನ್ಯಾನೋಮೀಟರ್ ತರಂಗಾಂತರದ ಲೇಸರ್ ಬೆಳಕು ಸೆಕೆಂಡಿಗೆ ಸುಮಾರು 193 ಲಕ್ಷ ಕೋಟಿ ಸಲ ಕಂಪಿಸುತ್ತದೆ. ಆ ವೇಗವನ್ನು ಬೆಳಕನ್ನು ಕರೆಂಟಾಗಿ ಬದಲಿಸುವ ಯಾವ ಫೋಟೋಡಯೋಡೂ ಹಿಡಿಯಲಾರದು. ಆದರೆ ತರಂಗಾಂತರದಲ್ಲಿ 0.21 ನ್ಯಾನೋಮೀಟರ್ ಅಂತರವಿರುವ ಎರಡು ಲೇಸರ್‌ಗಳನ್ನು ಒಂದೇ ಫೈಬರಿಗೆ ಬಿಟ್ಟರೆ, ಫೋಟೋಡಯೋಡಿನ ಕರೆಂಟ್ 26 ಗಿಗಾಹರ್ಟ್ಸ್‌ನಲ್ಲಿ ಏರಿಳಿಯುತ್ತದೆ. ಕಂಬದ ಮೇಲೆ ಒಂದು ಫೋಟೋಡಯೋಡ್, ಒಂದು ಆಂಪ್ಲಿಫೈಯರ್, ಒಂದು ಆಂಟೆನಾ ಸಾಕು.

ತೊಂದರೆ ಇರುವುದು ಬಿಸಿಯಲ್ಲಿ. ಫೈಬರ್ ಜಾಲಗಳಲ್ಲಿ ಬಳಸುವ ಸಾಮಾನ್ಯ ಡಿಎಫ್‌ಬಿ ಲೇಸರ್ ಒಂದು ಡಿಗ್ರಿ ಬಿಸಿಯಾದರೆ ಅದರ ತರಂಗಾಂತರ ಸುಮಾರು 0.1 ನ್ಯಾನೋಮೀಟರ್ ಸರಿಯುತ್ತದೆ. ಅಂದರೆ 12 ಗಿಗಾಹರ್ಟ್ಸ್! ನಮಗೆ ಬೇಕಾದ 26ರಲ್ಲಿ ಹತ್ತಿರಹತ್ತಿರ ಅರ್ಧ. ನಮ್ಮೂರಿನ ಬೇಸಿಗೆಯಲ್ಲಿ ಒಂದು ಡಿಗ್ರಿ ಯಾವ ಲೆಕ್ಕ ಅಲ್ವಾ?

ಇದಕ್ಕೆ ಲಕ್ಷಗಟ್ಟಲೆ ಬೆಲೆಯ ಸ್ಥಿರ ಲೇಸರ್ ತನ್ನಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಲೇಸರ್ ಒಂದಿಷ್ಟೂ ಅಲುಗಬಾರದು ಎನ್ನುವ ಹಟಕ್ಕೇ ಅಷ್ಟು ದುಡ್ಡು. ನಮಗೆ ಬೇಕಿರುವುದು ಅಂತರ ಮಾತ್ರ. ಎರಡೂ ಒಟ್ಟಿಗೆ ಸರಿದರೆ ಅಂತರ ಹಾಗೇ ಉಳಿಯುತ್ತದೆ.

ಅಂದು ಸಂಜೆಯೇ ಎರಡನ್ನೂ ಒಂದೇ ಅಲ್ಯೂಮಿನಿಯಂ ಪಟ್ಟಿಯ ಮೇಲೆ, ಥರ್ಮಲ್ ಪೇಸ್ಟ್ ಹಚ್ಚಿ, ಬೆರಳಗಲ ದೂರದಲ್ಲಿ ಕೂರಿಸಿ ಮುಚ್ಚಳ ಹಾಕಿದೆವು. ಮೊದಲು ಸುಮ್ನೆ ಬೆರಳು ತಾಗಿಸಿದರೂ ಗೆರೆ ಓಡುತ್ತಿತ್ತು. ಈಗ ಪಟ್ಟಿಯ ಮೇಲೆ ಅಂಗೈ ಇಟ್ಟರೂ ಸ್ವಲ್ಪ ತೂರಾಡಿ ಅಲ್ಲೇ ನಿಂತಿತು. ಆ ಹುಡುಗಿ ಮೂರು ಸಲ ಕೈಯಿಟ್ಟು ನೋಡಿದಳು.

ಉಳಿದ ತೂರಾಟವನ್ನು ರಿಸೀವರ್ ತಡೆದುಕೊಳ್ಳಬೇಕು. ಅದಕ್ಕೆ ಎನ್ವಲಪ್ ಡಿಟೆಕ್ಟರ್ ಒಳ್ಳೆಯದು. ಅದು ಅಲೆಯ ನಿಖರ ಫ್ರೀಕ್ವೆನ್ಸಿ ಕೇಳುವುದಿಲ್ಲ, ಜೋರಾಗಿದೆಯಾ ಮೆತ್ತಗಿದೆಯಾ ಎಂದಷ್ಟೇ ನೋಡುತ್ತದೆ. ಡೇಟಾ ಕಡಿಮೆ ಹಿಡಿಸುತ್ತದೆ, ನಿಜ. ಓಣಿಯ ಮನೆಗಳಿಗೆ ಇಂಟರ್ನೆಟ್ ಮುಟ್ಟಿಸಲು ಅದು ಸಾಕು ಎಂಬುದು ನನ್ನ ನಂಬಿಕೆ.

ಒಂದೇ ಲೇಸರನ್ನು ವೇಗವಾಗಿ ಮಾಡ್ಯುಲೇಟ್ ಮಾಡುವ, ಅಂದರೆ ಅದರ ಬೆಳಕನ್ನೇ ಏರಿಳಿಸುವ ದಾರಿಯೂ ಇದೆ. ಆಗ ಮೂಲ ಬೆಳಕಿನ ಫ್ರೀಕ್ವೆನ್ಸಿಯ ಎರಡೂ ಬದಿಗೆ ಹುಟ್ಟುವ ಅಲೆಗಳು ಫೈಬರಿನಲ್ಲಿ ಹಿಂದುಮುಂದಾಗಿ ಒಂದನ್ನೊಂದು ಅಳಿಸುತ್ತವೆ. ಮಾಮೂಲಿ ಫೈಬರಿನಲ್ಲಿ 60 ಗಿಗಾಹರ್ಟ್ಸ್ ಸಿಗ್ನಲ್ ಸುಮಾರು 1 ಕಿಲೋಮೀಟರಿಗೇ ಬತ್ತುತ್ತದೆ. ಎರಡು ಲೇಸರಿನ ದಾರಿಗೆ ಈ ಕಾಟ ಇಲ್ಲ.

ಬಾಕಿ ಇರುವುದು ವಾಪಸ್ ದಾರಿ. ಮೊಬೈಲಿನಿಂದ ಬಂದದ್ದನ್ನು ಹಿಂದಕ್ಕೆ ಕಳಿಸಲು ಕಂಬದ ಮೇಲೂ ಒಂದು ಸಣ್ಣ ಲೇಸರ್ ಬೇಕು, ಅಲ್ಲಿ ನೆತ್ತಿಯ ಮೇಲೆ ಬಿಸಿಲು. ಮುಂದಿನ ಏಪ್ರಿಲ್‌ನಲ್ಲಿ ಆ ಸಣ್ಣ ಲೇಸರ್ ಇರುವ ಡಬ್ಬಿಯನ್ನು ಮಾಳಿಗೆ ಮೇಲಿಟ್ಟು ನೋಡುತ್ತೇವೆ.