ಕಂಚಿನ ಕುದುರೆಯ ಒಡಲೊಳಗಿನ ಮಣ್ಣು

ಮಣ್ಣೆತ್ತಿನ ಅಮಾವಾಸ್ಯೆಗೆ ಧಾರವಾಡದ ಕಡೆ ಎರೆಮಣ್ಣಿನಲ್ಲಿ ಎತ್ತು ಮಾಡುವ ಮಕ್ಕಳು ಅದರ ಕಾಲುಗಳನ್ನು ಗಿಡ್ಡಗೆ, ದಪ್ಪಗೆ ಮಾಡುತ್ತಾರೆ; ಸಣ್ಣಗೆ ಮಾಡಿದರೆ ಎತ್ತು ಒಡಲಿನ ಭಾರಕ್ಕೆ ಕುಸಿಯುತ್ತದೆ. ಕಲ್ಲಿನ ತೊಂದರೆ ಇನ್ನೊಂದು ಬಗೆಯದು. ಲಕ್ಕುಂಡಿಯ ಗುಡಿಗಳ ಕಂಬಗಳು 11ನೆಯ ಶತಮಾನದಿಂದ ಮಾಳಿಗೆಯ ಭಾರವನ್ನು ಹೊತ್ತು ನಿಂತಿವೆ, ಏಕೆಂದರೆ ಕಲ್ಲು ಒತ್ತುವ ಬಲವನ್ನು ಚೆನ್ನಾಗಿ ತಾಳುತ್ತದೆ. ಆದರೆ ಆಧಾರವಿಲ್ಲದೆ ಮುಂದಕ್ಕೆ ಚಾಚಿದ ಕಲ್ಲಿನ ಮೇಲ್ಭಾಗ ಎಳೆತಕ್ಕೆ ಸಿಕ್ಕಿ ಬಿರಿಯುತ್ತದೆ.

ಕಂಚು ಎಳೆತವನ್ನೂ ತಾಳುತ್ತದೆ. ಅದು ಎಷ್ಟರಮಟ್ಟಿಗೆ ಎಂಬುದಕ್ಕೆ ಅಥೆನ್ಸಿನ ರಾಷ್ಟ್ರೀಯ ಪುರಾತತ್ತ್ವ ವಸ್ತುಸಂಗ್ರಹಾಲಯದಲ್ಲಿರುವ ಕುದುರೆ ಸವಾರ ಬಾಲಕನ ಕಂಚಿನ ಮೂರ್ತಿಗಿಂತ ಒಳ್ಳೆಯ ಸಾಕ್ಷಿಯನ್ನು ನಾನು ಕಾಣೆ. ಗ್ರೀಸಿನ ಆರ್ಟೆಮಿಸಿಯನ್ ಭೂಶಿರದ ಬಳಿ ಮುಳುಗಿದ್ದ ಹಡಗಿನಲ್ಲಿ 1928ರಲ್ಲಿ ಅದರ ತುಂಡುಗಳು ಸಿಕ್ಕವು, ಇನ್ನಷ್ಟು 1937ರಲ್ಲಿ ದೊರೆತವು. ಅವನ್ನು ಜೋಡಿಸುವ ಕೆಲಸ 1972ರಲ್ಲಿ ಮುಗಿಯಿತು. ಕ್ರಿಸ್ತಪೂರ್ವ 2ನೆಯ ಶತಮಾನದ ಈ ಕುದುರೆ ಸುಮಾರು 2.9 ಮೀಟರ್ ಉದ್ದವಿದ್ದು, ಮುಂಗಾಲುಗಳನ್ನು ಗಾಳಿಯಲ್ಲಿ ಚಾಚಿ ನಾಗಾಲೋಟದಲ್ಲಿದೆ. ಬೆನ್ನ ಮೇಲಿನ ಹುಡುಗನ ಎತ್ತರ ಕೇವಲ 84 ಸೆಂಟಿಮೀಟರ್.

ಇಂಥ ದೊಡ್ಡ ಮೂರ್ತಿಯನ್ನು ಗಟ್ಟಿಯಾಗಿ ಎರೆಯುವುದಿಲ್ಲ. ದಪ್ಪನೆಯ ಲೋಹ ಹೊರಗೆ ಬೇಗ, ಒಳಗೆ ನಿಧಾನವಾಗಿ ತಣಿದು ಕುಗ್ಗುವುದರಿಂದ ಬಿರುಕು, ಪೊಳ್ಳುಗಳು ಮೂಡುತ್ತವೆ, ಭಾರವೂ ವಿಪರೀತವಾಗುತ್ತದೆ. ಆದ್ದರಿಂದ ಎರಕದವರು ಮೊದಲು ಮಣ್ಣಿನ ತಿರುಳನ್ನಿಟ್ಟು, ಅದರ ಮೇಲೆ ಕೆಲವೇ ಮಿಲಿಮೀಟರ್ ದಪ್ಪದ ಜೇನುಮೇಣದ ಪದರದಲ್ಲಿ ರೂಪವನ್ನು ತಿದ್ದಿ, ಹೊರಗೆ ಮತ್ತೆ ಮಣ್ಣು ಮೆತ್ತಿ ಸುಡುತ್ತಾರೆ. ಮೇಣ ಕರಗಿ ಹರಿದುಹೋಗುತ್ತದೆ. ಒಳಮಣ್ಣು ಜರುಗದಂತೆ ಮೊದಲೇ ಚುಚ್ಚಿದ ಲೋಹದ ಮೊಳೆಗಳು ಅದನ್ನು ಹಿಡಿದಿರುತ್ತವೆ. ತೆರವಾದ ಸಂದಿಗೆ ಕಂಚು ಇಳಿಯುತ್ತದೆ. ಶುದ್ಧ ತಾಮ್ರ ಕರಗಲು 1085 ಡಿಗ್ರಿ ಸೆಲ್ಸಿಯಸ್ ಬೇಕು, ಹತ್ತನೆಯ ಒಂದು ಪಾಲು ತವರ ಬೆರೆತರೆ ಸುಮಾರು 1000 ಡಿಗ್ರಿ ಸಾಕು, ಕರಗಿದ ಲೋಹ ಸಣ್ಣ ಸಂದುಗಳಿಗೂ ಸಲೀಸಾಗಿ ಹರಿಯುತ್ತದೆ. ಗಂಟೆಯಲ್ಲಿ ತವರ ಇದರ ಎರಡರಷ್ಟಿರುತ್ತದೆ; ಅದಕ್ಕೇ ಗಂಟೆ ಚೆನ್ನಾಗಿ ದನಿಗೊಡುತ್ತದೆ, ಬಿದ್ದರೆ ಒಡೆಯುತ್ತದೆ. ತಲೆ, ಕಾಲು, ಒಡಲುಗಳನ್ನು ಬೇರೆ ಬೇರೆಯಾಗಿ ಎರೆದು ಆಮೇಲೆ ಬೆಸೆಯುತ್ತಿದ್ದರು.

ಮೇಣ ಬೆರಳಿನ ಒತ್ತಿಗೂ ಮಣಿಯುವಷ್ಟು ಮೆತ್ತಗಿರುವುದರಿಂದ ಅದರಲ್ಲಿ ತೀಡಿದ ನವಿರು ಗೆರೆಯೂ ಲೋಹಕ್ಕೆ ಇಳಿಯುತ್ತದೆ. ಹೆಗಲ ಮೇಲಿಂದ ಹಿಂದಕ್ಕೆ ನೋಡುತ್ತಿರುವ ಆ ಹುಡುಗನ ಹಣೆಯಲ್ಲಿ, ಓಟದ ಆತಂಕಕ್ಕೆ ಮೂಡಿದ ಸುಕ್ಕುಗಳು ಈಗಲೂ ಕಾಣುತ್ತವೆ.