ಪಿಸಿ ತಗೊಳ್ಳಲಾ, ಪಿಎಸ್5 ತಗೊಳ್ಳಲಾ?

ಪ್ರಶ್ನೆ: ಹಾಸನದಲ್ಲಿ ಕೆಲಸ ಮಾಡುತ್ತೇನೆ, ಮನೆ ಬೇಲೂರು ಕಡೆ ಹಳ್ಳಿಯಲ್ಲಿ. ಗೇಮ್ ಆಡೋಕೆ ಅಂತಲೇ ಅರವತ್ತು ಸಾವಿರ ಎತ್ತಿಟ್ಟಿದ್ದೇನೆ. ಪಿಸಿ ಮಾಡಿಸು, ಪಿಎಸ್5 ದಂಡ ಅಂತ ಫ್ರೆಂಡ್ಸ್ ಹೇಳುತ್ತಾರೆ. ಪಿಸಿ ತಗೊಂಡರೆ ಆಡೋದಕ್ಕಿಂತ ರಿಪೇರಿ ಮಾಡೋದೇ ಜಾಸ್ತಿ ಅಂತ ನಮ್ಮ ಭಾವ ಹೇಳುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಹಾಸನ, ಸಕಲೇಶಪುರ, ಚಿಕ್ಕಮಗಳೂರು, ಮೂಡಿಗೆರೆ ಕಡೆಯವರು ನನ್ನನ್ನು ಹೆಚ್ಚು ಕೇಳುವ ಪ್ರಶ್ನೆ ಇದು. ನಿಮ್ಮ ಫ್ರೆಂಡ್ಸ್ ಹೇಳಿದ್ದು ಸುಳ್ಳಲ್ಲ, ಭಾವ ಹೇಳಿದ್ದೂ ಸುಳ್ಳಲ್ಲ. ಪಿಸಿಯಲ್ಲಿ ಯಾವ ಗ್ರಾಫಿಕ್ಸ್ ಕಾರ್ಡ್ (ಆಟದ ಚಿತ್ರ ಮೂಡಿಸುವ ಭಾಗ) ಹಾಕಬೇಕು, ಯಾವಾಗ ಬದಲಿಸಬೇಕು, ಆಟವನ್ನು ಎಲ್ಲಿ ಕೊಳ್ಳಬೇಕು ಎಲ್ಲವೂ ನಿಮ್ಮ ಕೈಯಲ್ಲಿ. ಹಾಗಾಗಿ ಏನಾದರೂ ಕೆಟ್ಟರೆ ಅದೂ ನಿಮ್ಮ ತಲೆಗೇ. ಸೋನಿಯ ಪಿಎಸ್5ನಂಥ ಕನ್ಸೋಲ್‌ನಲ್ಲಿ, ಅಂದರೆ ಟಿವಿಗೆ ಜೋಡಿಸಿ ಆಡುವ ಗೇಮ್ ಯಂತ್ರದಲ್ಲಿ, ಆ ತೀರ್ಮಾನಗಳನ್ನೆಲ್ಲ ಕಂಪನಿ ಮೊದಲೇ ಮಾಡಿ ಮುಗಿಸಿರುತ್ತದೆ. ನಿಮಗೆ ತಲೆನೋವೂ ಕಡಿಮೆ, ನಿಮ್ಮ ಮಾತು ನಡೆಯುವುದೂ ಕಡಿಮೆ. ಪಿಸಿಯ ಕಾಟ, ಪಿಸಿಯ ಸುಖ ಎರಡೂ ಬರುವುದು ಇಲ್ಲಿಂದಲೇ.

ಮೊದಲು ದುಡ್ಡಿನ ವಿಷಯ. ಪಿಎಸ್5 ಭಾರತಕ್ಕೆ ಬಂದದ್ದು 2021ರ ಫೆಬ್ರವರಿಯಲ್ಲಿ. ಡಿಸ್ಕ್ ಇರುವ ಮಾದರಿಗೆ ಆಗ 49,990 ರೂಪಾಯಿ. 2022ರ ನವೆಂಬರ್‌ನಲ್ಲಿ 54,990 ಮಾಡಿದರು. ಹಳೆಯದಾದಂತೆ ಕನ್ಸೋಲ್ ಅಗ್ಗವಾಗುತ್ತದೆ ಅನ್ನುವ ಕಾಲ ಹೋಯಿತು. ಆದರೂ ಅಷ್ಟೇ ದುಡ್ಡಿಗೆ, 4ಕೆ ಟಿವಿಯಲ್ಲಿ ಅಷ್ಟೇ ಚೆನ್ನಾಗಿ ಆಡಿಸುವ ಹೊಸ ಪಿಸಿ ಕೂಡಿಸುವುದು ಕಷ್ಟ. ಅರ್ಧ ಬಜೆಟ್ಟನ್ನು ಗ್ರಾಫಿಕ್ಸ್ ಕಾರ್ಡ್ ಒಂದೇ ನುಂಗುತ್ತದೆ. ಆಮೇಲೆ ಮಾನಿಟರ್, ಕೀಬೋರ್ಡ್, ಮೌಸ್, ವಿಂಡೋಸ್, ಯುಪಿಎಸ್ ಒಂದೊಂದಾಗಿ ನೆನಪಾಗುತ್ತವೆ. ಸಾಲದ್ದಕ್ಕೆ 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿವೆ, ರ‍್ಯಾಮ್ ಬೆಲೆ ಮೇಲಕ್ಕೆ ಹೋಗಿದೆ.

ಆದರೆ ಮನೆಗೆ ಕಂಪ್ಯೂಟರ್ ಹೇಗೂ ಬೇಕಿತ್ತು ಅನ್ನುವವರ ಲೆಕ್ಕ ಬೇರೆ. ಸಿಇಟಿ ಅರ್ಜಿ, ಪಹಣಿ, ಸೇವಾ ಸಿಂಧು, ತಂಗಿಯ ಪ್ರಾಜೆಕ್ಟ್ ಇದಕ್ಕೆಲ್ಲ ಕನ್ಸೋಲ್ ಬರುವುದಿಲ್ಲ. ಇಂಜಿನಿಯರಿಂಗ್ ಓದುವ ಹುಡುಗರು ಮನೆಯಲ್ಲಿದ್ದರೆ ಅದೇ ಯಂತ್ರದಲ್ಲಿ ನಕ್ಷೆ ಬಿಡಿಸುವ ಕ್ಯಾಡ್ ಕೂಡ ಓಡುತ್ತದೆ, ವಿಡಿಯೊ ಎಡಿಟಿಂಗ್ ಕೂಡ ಆಗುತ್ತದೆ. ಸಾಧಾರಣ ಪಿಸಿಗೆ ಹೇಗೂ ಇಡಬೇಕಾದ ದುಡ್ಡನ್ನು ಕಳೆದು ನೋಡಿ, ಗೇಮಿಂಗ್‌ಗೆ ಅಂತ ಹೆಚ್ಚಿಗೆ ಬೀಳುವುದು ಕಾರ್ಡ್ ಮತ್ತು ಒಳ್ಳೆಯ ಎಸ್‌ಎಂಪಿಎಸ್‌ನ (ಪಿಸಿ ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ) ಖರ್ಚು ಅಷ್ಟೇ. ಪ್ರಿಂಟರನ್ನೂ ತಂದಿಟ್ಟರೆ ಅರ್ಧ ಊರು ನಿಮ್ಮ ಮನೆಗೆ ಬರುತ್ತದೆ, ಆ ಮಾತು ಬೇರೆ.

ಈಗ ನಿಮ್ಮ ಭಾವನ ಮಾತಿಗೆ ಬರೋಣ. ಕೆಲಸ ಮುಗಿಸಿ ಬಂದು, ಊಟ ಮಾಡಿ, ಒಂಬತ್ತೂವರೆಗೆ ಕೂತಿರಿ ಅನ್ನಿ. ಕೈಯಲ್ಲಿರುವುದು ಒಂದೂವರೆ ಗಂಟೆ. ವಿಂಡೋಸ್ ಅಪ್‌ಡೇಟ್ ಕಾಯುತ್ತಿರುತ್ತದೆ. ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ಹಳೆಯದಾಯಿತು ಅಂತ ಆಟ ದೂರುತ್ತದೆ. ಅದನ್ನು ಹಾಕಿದ ಮೇಲೆ ಶೇಡರ್ ಕಂಪೈಲ್ ಆಗುತ್ತಿದೆ ಅಂತ ಒಂದು ಪಟ್ಟಿ ನಿಧಾನಕ್ಕೆ ತುಂಬುತ್ತಾ ಕೂರುತ್ತದೆ.

ಈ ಶೇಡರ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪಿಸಿಯ ಮುಕ್ಕಾಲು ಸಿಟ್ಟು ಇಲ್ಲಿದೆ. ನೀರು ಹೇಗೆ ಹೊಳೆಯಬೇಕು, ಗೋಡೆ ಮೇಲೆ ಬೆಳಕು ಹೇಗೆ ಬೀಳಬೇಕು ಅಂತ ಗ್ರಾಫಿಕ್ಸ್ ಕಾರ್ಡ್‌ಗೆ ಹೇಳಿಕೊಡುವ ಸಣ್ಣ ಸಣ್ಣ ಪ್ರೋಗ್ರಾಂಗಳೇ ಶೇಡರ್‌ಗಳು. ಆಯಾ ಕಾರ್ಡ್‌ಗೆ, ಆಯಾ ಡ್ರೈವರ್‌ಗೆ ತಕ್ಕಂತೆ ಇವನ್ನು ಸಿದ್ಧ ಮಾಡಬೇಕು. ಕನ್ಸೋಲ್‌ನಲ್ಲಿ ಹೆಚ್ಚೆಂದರೆ ಒಂದೆರಡು ಮಾದರಿ. ಆಟ ಮಾಡಿದವರೇ ಎಲ್ಲವನ್ನೂ ಮೊದಲೇ ಸಿದ್ಧ ಮಾಡಿ ಡಿಸ್ಕ್‌ನಲ್ಲಿ ಹಾಕಿ ಕಳಿಸುತ್ತಾರೆ. ಪಿಸಿಯಲ್ಲಿ ನೂರಾರು ಕಾರ್ಡ್, ಲೆಕ್ಕವಿಲ್ಲದಷ್ಟು ಡ್ರೈವರ್. ಕನ್ಸೋಲ್‌ಗೆ ರೆಡಿಮೇಡ್ ಅಂಗಿ ಬಂದರೆ, ಪಿಸಿಗೆ ದರ್ಜಿ ಮನೆಗೇ ಬಂದು ಅಳತೆ ತೆಗೆದು ಹೊಲಿಯಬೇಕು. ಆಟ ಶುರುವಾಗುವ ಮುಂಚೆ ಹೊಲಿದರೆ ನೀವು ಕಾಯಬೇಕು. ಆಡುತ್ತಿರುವಾಗಲೇ ಹೊಲಿದರೆ ಚಿತ್ರ ತಟಕ್ಕನೆ ನಿಂತು ನಿಂತು ಹೋಗುತ್ತದೆ. 2022ರಲ್ಲಿ ಎಲ್ಡೆನ್ ರಿಂಗ್ ಬಂದಾಗ ಪಿಸಿಯವರು ಬೈದುಕೊಂಡದ್ದು ಇಂಥ ನಿಲುಗಡೆಗೇ. 2023ರ ಮಾರ್ಚ್‌ನಲ್ಲಿ ದ ಲಾಸ್ಟ್ ಆಫ್ ಅಸ್ ಮೊದಲ ಭಾಗ ಪಿಸಿಗೆ ಬಂದಾಗ ಶೇಡರ್‌ಗಾಗಿ ಕಾದು ಕಾದು, ಕೊನೆಗೆ ಆಟವೇ ಕ್ರ್ಯಾಶ್ ಆಗಿ, ಜನ ರೋಸಿ ಹೋದರು. ಕಾರ್ಡ್‌ಗೆ ಎಷ್ಟೇ ದುಡ್ಡು ಸುರಿದರೂ ಇದು ಪೂರ್ತಿ ಹೋಗುವುದಿಲ್ಲ. ಡ್ರೈವರ್ ಬದಲಾದರೆ ಮತ್ತೆ ಮೊದಲಿಂದ.

ಇನ್ನೊಂದು ಕಾಟ ಆನ್‌ಲೈನ್ ಆಟಗಳದ್ದು. ವಿಂಡೋಸ್ 11ರಲ್ಲಿ ವ್ಯಾಲರಂಟ್ ಆಡಬೇಕಾದರೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಅನ್ನುವ ಭದ್ರತಾ ವ್ಯವಸ್ಥೆ ಎರಡೂ ಆನ್ ಇರಬೇಕು. ಮೋಸದ ಆಟ ತಡೆಯಲು ಈ ಏರ್ಪಾಡು, ತಪ್ಪಲ್ಲ. ಆದರೆ ಸೆಕೆಂಡ್ ಹ್ಯಾಂಡ್ ಪಿಸಿ ತಂದ ಹುಡುಗ ಬಯಾಸ್ (ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್) ಒಳಗೆ ಹೋಗಿ ಹುಡುಕಬೇಕು. ಹಳೆಯ ರೀತಿಯಲ್ಲಿ ಪಾರ್ಟಿಷನ್ ಮಾಡಿದ ಡಿಸ್ಕ್ ಆದರೆ ಅದನ್ನೂ ಬದಲಿಸಬೇಕು. ಗೊತ್ತಿದ್ದವರಿಗೆ ಹತ್ತು ನಿಮಿಷದ ಕೆಲಸ. ಗೊತ್ತಿಲ್ಲದವರಿಗೆ ಇಡೀ ಭಾನುವಾರ ಹೋಯಿತು.

ಹಾಗಾದರೆ ಕನ್ಸೋಲ್‌ನಲ್ಲಿ ಎಲ್ಲ ಸಲೀಸಾ? ಅದೂ ಇಲ್ಲ. 2020ರ ಡಿಸೆಂಬರ್‌ನಲ್ಲಿ ಬಂದ ಸೈಬರ್‌ಪಂಕ್ 2077 ಪಿಎಸ್4ರಲ್ಲಿ ಎಷ್ಟು ಕೆಟ್ಟದಾಗಿ ಓಡಿತು ಅಂದರೆ, ಸೋನಿ ಒಂದು ವಾರದಲ್ಲೇ ಅದನ್ನು ತನ್ನ ಸ್ಟೋರ್‌ನಿಂದ ತೆಗೆದುಹಾಕಿತು. ಮತ್ತೆ ಇಟ್ಟದ್ದು 2021ರ ಜೂನ್‌ನಲ್ಲಿ. ಅಪ್‌ಡೇಟ್ ಕಾಟ ಕನ್ಸೋಲ್‌ಗೂ ಇದೆ. ವ್ಯತ್ಯಾಸ ಏನೆಂದರೆ, ಆಟ ಕೆಟ್ಟದಾಗಿ ಓಡಿದರೆ ಕನ್ಸೋಲ್‌ನವರು ಕಂಪನಿ ಸರಿಮಾಡುವವರೆಗೆ ಕಾಯಬೇಕು. ಪಿಸಿಯವರು ಸೆಟ್ಟಿಂಗ್ ಇಳಿಸಿಯೋ, ಯಾರೋ ಪುಣ್ಯಾತ್ಮರು ಮಾಡಿಟ್ಟ ಫೈಲ್ ಹಾಕಿಯೋ ಹೇಗೋ ಆಡುತ್ತಾರೆ.

ಕನ್ಸೋಲ್‌ನ ನಿಜವಾದ ಬರೆ ಬೀಳುವುದು ಕೊಂಡ ಮೇಲೆ. ಪಿಎಸ್5ಗೆ ಬರುವ ದೊಡ್ಡ ಹೊಸ ಆಟ ಒಂದಕ್ಕೆ ಐದು ಸಾವಿರದ ಹತ್ತಿರ. ದುಡ್ಡು ಕೊಟ್ಟು ಕೊಂಡ ಆಟವನ್ನು ಗೆಳೆಯರ ಜೊತೆ ಆನ್‌ಲೈನ್‌ನಲ್ಲಿ ಆಡಲು ಪಿಎಸ್ ಪ್ಲಸ್ ಚಂದಾ ಬೇರೆ ಕಟ್ಟಬೇಕು. ಉಚಿತ ಆಟಗಳಿಗೆ ಮಾತ್ರ ಅದು ಬೇಡ. ಪಿಸಿಯಲ್ಲಿ ಆನ್‌ಲೈನ್‌ನಲ್ಲಿ ಆಡುವುದಕ್ಕೆ ಹೀಗೆ ಚಂದಾ ಕೇಳುವುದಿಲ್ಲ. ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ಪಿಸಿ ಆಟದ ಬೆಲೆ ರೂಪಾಯಿಯಲ್ಲೇ ಇರುತ್ತದೆ. ಬೇಸಿಗೆ ಮತ್ತು ಚಳಿಗಾಲದ ಸೇಲ್‌ನಲ್ಲಿ ನಾಲ್ಕೈದು ವರ್ಷ ಹಳೆಯ ಒಳ್ಳೆಯ ಆಟಗಳು ಒಂದು ಹೋಟೆಲ್ ಊಟದ ದುಡ್ಡಿಗೆ ಸಿಗುತ್ತವೆ. ಇಷ್ಟವಾಗದಿದ್ದರೆ, ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ವಾಪಸ್ ಕೇಳಬಹುದು. ಪ್ಲೇಸ್ಟೇಷನ್ ಸ್ಟೋರ್‌ನಲ್ಲಿ ಡೌನ್‌ಲೋಡ್ ಶುರು ಮಾಡಿದರೆ ಸಾಮಾನ್ಯವಾಗಿ ಆ ದಾರಿ ಮುಚ್ಚಿತು. ಎಪಿಕ್‌ನವರಂತೂ 2018ರಲ್ಲಿ ಅಂಗಡಿ ತೆರೆದ ಮೇಲೆ ಪುಕ್ಕಟೆ ಆಟ ಹಂಚುತ್ತಲೇ ಇದ್ದಾರೆ. ಮೂರ್ನಾಲ್ಕು ವರ್ಷದ ಲೆಕ್ಕ ಹಾಕಿದರೆ, ಆಟ ಜಾಸ್ತಿ ಕೊಳ್ಳುವವರಿಗೆ ಪಿಸಿಯ ಮೊದಲ ಖರ್ಚು ಇಲ್ಲೇ ಸರಿಹೋಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ಡಿಸ್ಕ್ ಗೆಲ್ಲುತ್ತದೆ. ಆಡಿ ಮುಗಿಸಿದ ಡಿಸ್ಕನ್ನು ಮಾರಬಹುದು, ಫ್ರೆಂಡ್ ಜೊತೆ ಬದಲಾಯಿಸಿಕೊಳ್ಳಬಹುದು. ಸ್ಟೀಮ್‌ನಲ್ಲಿ ಕೊಂಡದ್ದನ್ನು ಮಾರಲು ಆಗುವುದಿಲ್ಲ. ಅದಕ್ಕೇ ಕನ್ಸೋಲ್ ತಗೊಳ್ಳುವವರಿಗೆ ಡಿಸ್ಕ್ ಇರುವುದನ್ನೇ ತಗೊಳ್ಳಿ ಅನ್ನುತ್ತೇನೆ. ಡಿಸ್ಕ್ ಹಾಕಲಾಗದ ಡಿಜಿಟಲ್ ಮಾದರಿ ಕೊಂಡು ಉಳಿಸುವ ದುಡ್ಡು ಕೆಲವೇ ಆಟಗಳಲ್ಲಿ ವಾಪಸ್ ಹೋಗುತ್ತದೆ.

ಮಾಡ್‌ಗಳ ಬಗ್ಗೆ ಹೇಳದೆ ಪಿಸಿ ಬಗ್ಗೆ ಬರೆದರೆ ತಪ್ಪಾಗುತ್ತದೆ. ಆಡುವವರೇ ಆಟವನ್ನು ತಿದ್ದಿ ಹೊಸದೇನಾದರೂ ಸೇರಿಸುವುದು ಮಾಡ್. 2012ರಲ್ಲಿ ಬಂದ ಯೂರೋ ಟ್ರಕ್ ಸಿಮ್ಯುಲೇಟರ್ 2ಕ್ಕೆ ನಮ್ಮ ಹುಡುಗರು ಕೆಂಪು ಬಸ್ಸಿನ ಮಾಡ್ ಹಾಕಿಕೊಂಡು ಜರ್ಮನಿಯ ಹೈವೇಯಲ್ಲಿ ಓಡಿಸುತ್ತಾರೆ. ನೋಡಲು ತಮಾಷೆ ಅನಿಸಬಹುದು, ಆದರೆ ಆ ಖುಷಿ ಕನ್ಸೋಲ್‌ನಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಹಳೆಯ ಆಟಗಳೂ ಅಷ್ಟೇ. ಪಿಎಸ್3 ಡಿಸ್ಕ್ ಪಿಎಸ್5ರಲ್ಲಿ ಓಡುವುದಿಲ್ಲ. ಇಪ್ಪತ್ತು ವರ್ಷ ಹಿಂದಿನ ಎಷ್ಟೋ ಪಿಸಿ ಆಟಗಳು ಇವತ್ತಿಗೂ, ಸ್ವಲ್ಪ ಗುದ್ದಾಡಿದರೆ, ಓಡುತ್ತವೆ.

ಇಷ್ಟೆಲ್ಲ ಎಲ್ಲ ಊರಿಗೂ ಅನ್ವಯಿಸುವ ಮಾತು. ನಮ್ಮ ಕಡೆ ತೀರ್ಮಾನ ಮಾಡುವುದು ಬೇರೆ ಮೂರು ಸಂಗತಿ: ಕರೆಂಟು, ಇಂಟರ್ನೆಟ್ಟು, ರಿಪೇರಿ.

ಮಳೆಗಾಲದಲ್ಲಿ ಮಲೆನಾಡಿನ ಲೈನ್ ಮೇಲೆ ಮರ ಬೀಳುವುದು ಹೊಸದಲ್ಲ. ತೋಟಕ್ಕೆ ಸ್ಪ್ರಿಂಕ್ಲರ್ ಓಡಿಸುವ ಫೆಬ್ರವರಿ, ಮಾರ್ಚ್‌ನಲ್ಲಿ ಲೈನಿನ ಕೊನೆಯ ಮನೆಗಳಿಗೆ ವೋಲ್ಟೇಜ್ ಸರಿಯಾಗಿ ಬರುವುದಿಲ್ಲ. ಪಿಎಸ್5 ಆಟದ ಹೊತ್ತಲ್ಲಿ ಸುಮಾರು 200 ವ್ಯಾಟ್ ಎಳೆಯುತ್ತದೆ. ಅಂಗಡಿಗಳಲ್ಲಿ ಸಿಗುವ ಸಾಮಾನ್ಯ 600 ವಿಎ ಯುಪಿಎಸ್ ಕೊಡುವುದು 360 ವ್ಯಾಟ್ ಹತ್ತಿರ. ಟಿವಿ ತೀರಾ ದೊಡ್ಡದಲ್ಲದಿದ್ದರೆ ಎರಡನ್ನೂ ಕೆಲವು ನಿಮಿಷ ಹಿಡಿದಿಡುತ್ತದೆ. ಸೇವ್ ಮಾಡಿ ಆಫ್ ಮಾಡಲು ಅಷ್ಟು ಸಾಕು. ದೊಡ್ಡ ಕಾರ್ಡ್ ಇರುವ ಪಿಸಿ 400 ವ್ಯಾಟ್ ದಾಟಿದರೆ ಅದೇ ಯುಪಿಎಸ್ ಕೀಂ ಅಂತ ಕೂಗಿ ಮಲಗುತ್ತದೆ. ಪಿಸಿಗೆ 1000 ವಿಎ ಅಥವಾ ಅದಕ್ಕಿಂತ ದೊಡ್ಡದನ್ನೇ ನೋಡಿ. ಮನೆಯ ಇನ್ವರ್ಟರ್‌ಗೆ ಜೋಡಿಸುವುದಾದರೆ ಅದರ ಹಿಂದಿನ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿ ಇರಲಿ. ಇಲ್ಲದಿದ್ದರೆ ಕರೆಂಟ್ ಹೋಗಿ ಇನ್ವರ್ಟರ್ ಹಿಡಿಯುವಷ್ಟರಲ್ಲಿ ಪಿಸಿ ರೀಸ್ಟಾರ್ಟ್ ಆಗಿರಬಹುದು. ಅರ್ಥಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್‌ಗೆ ಒಮ್ಮೆ ತೋರಿಸಿ. ಗುಡುಗು ಶುರುವಾದರೆ ಪ್ಲಗ್ ಕೀಳಿ, ಪಿಸಿ ಆದರೂ ಅಷ್ಟೇ, ಪಿಎಸ್5 ಆದರೂ ಅಷ್ಟೇ. ರೌಟರ್‌ಗೆ ಬರುವ ವೈರನ್ನೂ ಮರೆಯಬೇಡಿ.

ಇಂಟರ್ನೆಟ್ ಲೆಕ್ಕ ಸರಳ. ಈಗಿನ ದೊಡ್ಡ ಆಟಗಳು 100 ಜಿಬಿ ದಾಟುತ್ತವೆ. ಪೇಟೆಯಲ್ಲಿ 100 ಎಂಬಿಪಿಎಸ್ ಫೈಬರ್ ಇದ್ದರೆ ಎರಡೂಕಾಲು ಗಂಟೆ. 40 ಎಂಬಿಪಿಎಸ್ ಆದರೆ ಐದೂವರೆ ಗಂಟೆ. ದಿನಕ್ಕೆ 2 ಜಿಬಿ ಕೊಡುವ ಮೊಬೈಲ್ ಪ್ಯಾಕ್ ನೆಚ್ಚಿಕೊಂಡರೆ ಐವತ್ತು ದಿನ, ಅಷ್ಟರಲ್ಲಿ ಆಟಕ್ಕೆ ಹೊಸ ಅಪ್‌ಡೇಟ್ ಬಂದಿರುತ್ತದೆ. ಫೈಬರ್ ಇಲ್ಲದ ಮನೆಗೆ ಡಿಸ್ಕ್ ಒಳ್ಳೆಯ ದಾರಿ, ಆಟದ ದೊಡ್ಡ ಭಾಗ ಅದರಿಂದಲೇ ಇಳಿಯುತ್ತದೆ. ಪಿಸಿಯಲ್ಲೂ ಒಂದು ಉಪಾಯ ಇದೆ, ತುಂಬ ಜನಕ್ಕೆ ಗೊತ್ತಿಲ್ಲ. ನೀವು ಸ್ಟೀಮ್‌ನಲ್ಲಿ ಕೊಂಡ ಆಟ ಹಾಸನದ ರೂಮಿನ ಫ್ರೆಂಡ್ ಹತ್ತಿರವೂ ಇದ್ದರೆ, ಅವನ ಫೋಲ್ಡರನ್ನು ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ ತಂದು ನಿಮ್ಮ ಸ್ಟೀಮ್ ಫೋಲ್ಡರ್‌ನಲ್ಲಿ ಇಡಿ. ಇನ್‌ಸ್ಟಾಲ್ ಕೊಟ್ಟಾಗ ಸ್ಟೀಮ್ ಫೈಲ್‌ಗಳನ್ನು ಪರೀಕ್ಷಿಸಿ, ಕೊರತೆ ಇದ್ದಷ್ಟನ್ನು ಮಾತ್ರ ಇಳಿಸಿಕೊಳ್ಳುತ್ತದೆ.

ರಿಪೇರಿಯಲ್ಲಿ ಪಿಸಿಗೆ ನನ್ನ ಮತ. ರ‍್ಯಾಮ್ ಹೋದರೆ ರ‍್ಯಾಮ್, ಎಸ್‌ಎಂಪಿಎಸ್ ಸುಟ್ಟರೆ ಎಸ್‌ಎಂಪಿಎಸ್. ಹಾಸನದಲ್ಲೋ ಚಿಕ್ಕಮಗಳೂರಲ್ಲೋ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರೋಡ್‌ನಿಂದ ತರಿಸಬಹುದು. ಕನ್ಸೋಲ್ ಕೆಟ್ಟರೆ ಇಡೀ ಡಬ್ಬಿಯನ್ನೇ ಕೊಟ್ಟು ಕಾಯಬೇಕು. ಆದರೆ ಕನ್ಸೋಲ್ ಕೆಡುವುದೂ ಅಪರೂಪ ಅನ್ನುವುದು ನನ್ನ ಅನುಭವ. ಮಳೆಗಾಲದ ತೇವಕ್ಕೆ ಹೆದರಿ ಎರಡನ್ನೂ ಕಪಾಟಿನಲ್ಲಿ ಮುಚ್ಚಿಡುವವರಿದ್ದಾರೆ. ಬೇಡ, ಗಾಳಿ ಆಡಲಿ.

ನಿಮ್ಮ ಅರವತ್ತು ಸಾವಿರಕ್ಕೆ ಬರುತ್ತೇನೆ. ಯಾವ ಆಟ ಆಡುತ್ತೀರಿ ಅಂತ ನೀವು ಬರೆದಿಲ್ಲ, ಅದೇ ಮುಖ್ಯ. ವ್ಯಾಲರಂಟ್, ಕೌಂಟರ್ ಸ್ಟ್ರೈಕ್ 2, ಡೋಟಾ ಅಷ್ಟೇ ಸಾಕು ಅಂದರೆ ಪಿಸಿಯೇ ಸರಿ, ಅದಕ್ಕೆ ಅರವತ್ತು ಸಾವಿರವೂ ಬೇಡ. ಕಥೆ ಇರುವ ದೊಡ್ಡ ಆಟಗಳು, ಅಣ್ಣತಮ್ಮ ಒಟ್ಟಿಗೆ ಕೂತು ಆಡುವ ಫುಟ್‌ಬಾಲ್ ಅಂದರೆ, ಮನೆಯಲ್ಲಿ ಟಿವಿ ಇದ್ದು ಕೆಲಸಕ್ಕೆ ಲ್ಯಾಪ್‌ಟಾಪ್ ಇದ್ದರೆ, ಈ ಬಜೆಟ್‌ಗೆ ನಾನು ಪಿಎಸ್5 ಅನ್ನುತ್ತೇನೆ. ಜಿಟಿಎ 6 ಕಾಯುತ್ತಿದ್ದರಂತೂ ಕೇಳಲೇಬೇಡಿ. ಆ ಆಟ ಮಾಡುವ ರಾಕ್‌ಸ್ಟಾರ್ ಕಂಪನಿ ಅದನ್ನು ಘೋಷಿಸಿದ್ದು ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್‌ಗೆ. ಜಿಟಿಎ 5 ಕೂಡ 2013ರಲ್ಲಿ ಕನ್ಸೋಲ್‌ಗೆ ಬಂದು, ಪಿಸಿಗೆ ಬಂದದ್ದು 2015ರಲ್ಲಿ. ಸೆಟ್ಟಿಂಗ್ ತಿದ್ದುವುದು, ಬಿಚ್ಚಿ ಜೋಡಿಸುವುದು ನಿಮಗೆ ಆಟದಷ್ಟೇ ಇಷ್ಟ ಅಂದರೆ ಮಾತ್ರ ಇನ್ನೂ ಇಪ್ಪತ್ತು ಸಾವಿರ ಕೂಡಿಸುವವರೆಗೆ ಕಾದು ಪಿಸಿ ಮಾಡಿಸಿ.

ಮಾಡಿಸುವಾಗ "ಐ7 ಇದೆ ಸಾರ್" ಅನ್ನುವ ಮಾತಿಗೆ ಬೀಳಬೇಡಿ. ಐ7 ಅನ್ನುವುದು ಇಂಟೆಲ್ ಪ್ರೊಸೆಸರ್‌ನ ಹೆಸರು, ಎಷ್ಟನೇ ತಲೆಮಾರಿನದು, ಜೊತೆಗೆ ಯಾವ ಕಾರ್ಡ್ ಅಂತ ಕೇಳಿ. ಹತ್ತು ವರ್ಷ ಹಳೆಯ ಐ7ಗೆ ಜಿಟಿ 710 ಅನ್ನುವ ದುರ್ಬಲ ಕಾರ್ಡ್ ಸಿಕ್ಕಿಸಿ ಗೇಮಿಂಗ್ ಪಿಸಿ ಅಂತ ಕೊಡುವವರಿದ್ದಾರೆ. ಎಸ್‌ಎಂಪಿಎಸ್‌ನಲ್ಲಿ ಉಳಿಸಲು ಹೋಗಬೇಡಿ, 80 ಪ್ಲಸ್ ಗುರುತು (ಕರೆಂಟ್ ಪೋಲು ಕಡಿಮೆ ಅಂತ ಅರ್ಥ) ಇರುವುದನ್ನೇ ಹಾಕಿಸಿ. ಬಿಲ್‌ನಲ್ಲಿ ಸುಮ್ನೆ "ಕಂಪ್ಯೂಟರ್ 1" ಅಂತ ಬರೆಸಿಕೊಂಡು ಬರಬೇಡಿ. ಕಾರ್ಡ್, ಬೋರ್ಡ್, ರ‍್ಯಾಮ್ ಒಂದೊಂದರ ಹೆಸರು, ಸೀರಿಯಲ್ ನಂಬರ್ ಇರಲಿ, ಯಾಕೆಂದರೆ ವಾರಂಟಿ ಒಂದೊಂದಕ್ಕೂ ಬೇರೆ ಬೇರೆ. ಖಾಲಿ ಬಾಕ್ಸ್‌ಗಳನ್ನೂ ಕೇಳಿ ತಗೊಂಡು ಅಟ್ಟದ ಮೇಲೆ ಇಡಿ.