ಎಎಲ್‌ಎಸ್‌ ಔಷಧಿ ಪರೀಕ್ಷೆ: ಆಸ್ಪತ್ರೆಗಳು ಯಾಕೆ ಕೈಜೋಡಿಸಿದವು?

ಮೋಟಾರ್ ನ್ಯೂರಾನ್ ಕಾಯಿಲೆಯಲ್ಲಿ ಸ್ನಾಯುಗಳನ್ನು ಆಡಿಸುವ ನರಕೋಶಗಳು ಸಾಯುತ್ತಾ ಹೋಗುತ್ತವೆ. ಕೆಲವರಿಗೆ ಮೊದಲು ಅಂಗಿಯ ಗುಂಡಿ ಹಾಕೋದು ಕಷ್ಟವಾಗುತ್ತದೆ, ಕೆಲವರಿಗೆ ನಾಲಿಗೆ ತೊದಲುತ್ತದೆ. ಕೊನೆಗೆ ಉಸಿರಿಗೇ ಕುತ್ತು. ಇದರಲ್ಲಿ ಹೆಚ್ಚಾಗಿ ಕಾಣುವ ಬಗೆ ಎಎಲ್‌ಎಸ್‌. ಪ್ಯಾರಿಸ್‌ನ ವೈದ್ಯ ಷಾರ್ಕೋ ಇದನ್ನು ವಿವರಿಸಿದ್ದು 19ನೇ ಶತಮಾನದಲ್ಲಿ. ಮೊದಲ ಔಷಧಿ ರಿಲುಜೋಲ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1995ರಲ್ಲಿ. ಅದೂ ಪರೀಕ್ಷೆಗಳಲ್ಲಿ ಆಯಸ್ಸಿಗೆ ಸೇರಿಸಿದ್ದು ಎರಡು ಮೂರು ತಿಂಗಳು, ಅಷ್ಟೇ.

ಹೊಸ ಔಷಧಿ ಪರೀಕ್ಷಿಸೋಣ ಅಂದರೆ ಒಂದೇ ಆಸ್ಪತ್ರೆಗೆ ಬರುವ ರೋಗಿಗಳು ಕಡಿಮೆ. ಮೇಲಾಗಿ ಒಬ್ಬೊಬ್ಬರಲ್ಲಿ ಕಾಯಿಲೆಯ ವೇಗ ಒಂದೊಂದು. ಬಹಳ ಜನ ಎರಡರಿಂದ ಐದು ವರ್ಷದಲ್ಲಿ ಹೋಗಿಬಿಡುತ್ತಾರೆ. ಸ್ಟೀಫನ್ ಹಾಕಿಂಗ್ ಮಾತ್ರ 1963ರಲ್ಲಿ ಕಾಯಿಲೆ ಗೊತ್ತಾದ ಮೇಲೂ 2018ರವರೆಗೆ ಬದುಕಿದ್ದರು. ಸಣ್ಣ ಗುಂಪಿನಲ್ಲಿ ನಿಧಾನದವರು ನಾಲ್ಕು ಜನ ಸೇರಿಕೊಂಡರೆ ಬರೀ ನೀರೂ ಮದ್ದಿನ ಹಾಗೆ ಕಾಣುತ್ತದೆ, ಅಲ್ವಾ?

2008ರ ಲಿಥಿಯಂ ಕಥೆ ನೋಡಿ. ಇಟಲಿಯಲ್ಲಿ 16 ಜನರಿಗೆ ರಿಲುಜೋಲ್ ಜೊತೆ ಲಿಥಿಯಂ ಕೊಟ್ಟರು. 15 ತಿಂಗಳಲ್ಲಿ ಒಬ್ಬರೂ ಸಾಯಲಿಲ್ಲ. ಬರೀ ರಿಲುಜೋಲ್ ಪಡೆದ 28 ಜನರಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಮಂದಿ ತೀರಿಕೊಂಡಿದ್ದರು. ಲಿಥಿಯಂ ಮನೋರೋಗಕ್ಕೆ ಬಳಸುವ ಹಳೇ, ಅಗ್ಗದ ಮಾತ್ರೆ. ಸುದ್ದಿ ಹಬ್ಬಿತು. ಅಮೆರಿಕದಲ್ಲಿ ರೋಗಿಗಳು ಕಾಯದೆ ತಾವೇ ನುಂಗಲು ಶುರುಮಾಡಿ, ದಿನದ ಡೋಸು, ಕೈಕಾಲಿನ ಶಕ್ತಿ ಎಲ್ಲ ಪೇಷೆಂಟ್ಸ್‌ಲೈಕ್‌ಮಿ ಎಂಬ ರೋಗಿಗಳ ಜಾಲತಾಣದಲ್ಲಿ ಬರೆದಿಟ್ಟರು. ಸಾವು ಎದುರಿಗಿರುವಾಗ ಅವರನ್ನು ತಪ್ಪು ಅನ್ನೋದು ಹೇಗೆ? ಆ ದಾಖಲೆಯನ್ನು ಲೆಕ್ಕ ಹಾಕಿದಾಗ ಲಾಭ ಕಾಣಲಿಲ್ಲ. ಅಮೆರಿಕ ಮತ್ತು ಕೆನಡಾದ ಹಲವು ಆಸ್ಪತ್ರೆಗಳು ಸೇರಿ ಮಾಡಿದ ಪರೀಕ್ಷೆಯನ್ನೂ ಲಾಭ ಕಾಣದೆ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಬ್ರಿಟನ್ನಿನ 214 ರೋಗಿಗಳ ಪರೀಕ್ಷೆಯ ಉತ್ತರವೂ 2013ರಲ್ಲಿ ಅದೇ: ಕೆಲಸ ಮಾಡಲ್ಲ.

ಅಲ್ಲಿಗೆ ಮುಗಿಯಲಿಲ್ಲ. ಹಳೇ ಪರೀಕ್ಷೆಗಳ ಮಾಹಿತಿಯನ್ನು ಒಟ್ಟು ಹಾಕಿ 2017ರಲ್ಲಿ ಮತ್ತೆ ನೋಡಿದಾಗ, ಯುಎನ್‌ಸಿ13ಎ ಎಂಬ ಜೀನ್‌ನ ಒಂದು ರೂಪ ಇದ್ದವರಲ್ಲಿ ಮಾತ್ರ ಲಿಥಿಯಂನಿಂದ ಲಾಭದ ಸುಳಿವು ಸಿಕ್ಕಿತು. ಅಂಥವರನ್ನೇ ಆರಿಸಿಕೊಂಡು ಯುರೋಪು ಮತ್ತು ಆಸ್ಟ್ರೇಲಿಯಾದಲ್ಲಿ 'ಮ್ಯಾಗ್ನೆಟ್' ಎಂಬ ಹೆಸರಿನ ಔಷಧಿ ಪರೀಕ್ಷೆ ಶುರುವಾಯಿತು. ಒಂದು ಊರಿನಲ್ಲಿ ಹುಡುಕಿದರೆ ಅಷ್ಟು ಜನ ಸಿಗುತ್ತಲೇ ಇರಲಿಲ್ಲ.

2020ರಲ್ಲಿ ಪದ್ಧತಿಯೇ ಬದಲಾಯಿತು. ಅಮೆರಿಕದ ಹೀಲಿ, ಬ್ರಿಟನ್ನಿನ ಎಂಎನ್‌ಡಿ-ಸ್ಮಾರ್ಟ್ ಎಂಬ ಹೊಸ ಬಗೆಯ ಪರೀಕ್ಷೆಗಳು ಎರಡೂ ಒಂದೇ ಚೌಕಟ್ಟಿನಲ್ಲಿ ಹಲವು ಔಷಧಿ ಪರೀಕ್ಷಿಸುತ್ತವೆ. ಎಲ್ಲಕ್ಕೂ ಸೇರಿ ಒಂದೇ ಪ್ಲಸೀಬೊ ಗುಂಪು, ಅಂದರೆ ಹೋಲಿಕೆಗಾಗಿ ಮದ್ದಿಲ್ಲದ ಹುಸಿ ಔಷಧಿ ಪಡೆಯುವವರು. ಹಾಗಾಗಿ ಹೀಲಿಯಲ್ಲಿ ನಾಲ್ವರಲ್ಲಿ ಮೂವರಿಗೆ ನಿಜವಾದ ಔಷಧಿ ಸಿಗುತ್ತದೆ. ಸೋತ ಔಷಧಿಯನ್ನು ತೆಗೆದು ಹೊಸದನ್ನು ಸೇರಿಸುತ್ತಾರೆ, ಉಳಿದ ವ್ಯವಸ್ಥೆ ಹಾಗೇ ನಡೆಯುತ್ತದೆ. 2023ರಲ್ಲಿ ಎಂಎನ್‌ಡಿ-ಸ್ಮಾರ್ಟ್ ಮೆಮಾಂಟಿನ್, ಟ್ರಾಜೊಡೋನ್ ಎಂಬ ಎರಡು ಔಷಧಿಗಳನ್ನೂ ಕೆಲಸ ಮಾಡಲ್ಲ ಎಂದು ಕೈಬಿಟ್ಟಿತು. ಬೇಗ ಸಿಕ್ಕ ಈ 'ಇಲ್ಲ' ನನ್ನ ಪ್ರಕಾರ ಚಿಕ್ಕ ಸಾಧನೆಯಲ್ಲ.

ಆದರೆ ಒಟ್ಟು ಸೇರಿಸುವಾಗ ಯಾರನ್ನು ಸೇರಿಸುತ್ತೇವೆ ಎಂಬ ಎಚ್ಚರ ಬೇಕು. ಒಂದೇ ಕೈ ಅಥವಾ ಒಂದೇ ಕಾಲು ಸೊರಗುವ ಕಾಯಿಲೆಯ ಬಗೆಯೊಂದನ್ನು ಬೆಂಗಳೂರಿನ ನಿಮ್ಹಾನ್ಸ್‌ನ ಗೌರಿ ದೇವಿ ಮತ್ತು ಸಂಗಡಿಗರು 1984ರಲ್ಲಿ ವಿವರಿಸಿದರು. ಹೆಚ್ಚಾಗಿ ಯುವಕರಿಗೆ ಬರುವ ಇದು ಕೆಲವು ವರ್ಷ ಬೆಳೆದು ತಾನಾಗಿಯೇ ನಿಲ್ಲುತ್ತದೆ. ಅಂಥವರು ಎಎಲ್‌ಎಸ್‌ ಪಟ್ಟಿಗೆ ಸೇರಿಬಿಟ್ಟರೆ, ತಾನಾಗಿ ನಿಂತ ಕಾಯಿಲೆಯ ಶ್ರೇಯಸ್ಸು ಸುಮ್ನೆ ಔಷಧಿಗೆ ಹೋಗುತ್ತದೆ.